ನೆಡುಂಬಾಶ್ಶೇರಿಯಲ್ಲಿ ಆರು ಗಂಟೆ: ಕೊಚ್ಚಿ ವಿಮಾನ ನಿಲ್ದಾಣದ ಲೇಓವರ್ ಹಾಳಾಗದಂತೆ ಬಳಸಿಕೊಳ್ಳುವುದು ಹೇಗೆ

ರಜೆಯ ತಿಂಗಳಲ್ಲಿ ಗಲ್ಫಿನಿಂದ ಮಂಗಳೂರಿಗೆ ಟಿಕೆಟ್ ಹುಡುಕಿದವರಿಗೆ ಈ ಕಷ್ಟ ಗೊತ್ತು. ಸೀಟಿದ್ದರೆ ದರ ಕೈಗೆಟುಕುವುದಿಲ್ಲ, ದರ ಸರಿಯಿದ್ದರೆ ದಿನ ಹೊಂದುವುದಿಲ್ಲ. ಅದೇ ವಾರ ಕೊಚ್ಚಿಗೆ ಹುಡುಕಿ ನೋಡಿ, ವಿಮಾನಗಳೂ ಹೆಚ್ಚು, ಎಷ್ಟೋ ಸಲ ದರವೂ ಕಡಿಮೆ. ಮಸ್ಕತ್‌ನಿಂದ ಕೊಪ್ಪದ ಕಡೆಗಿರುವ ನಮ್ಮೂರಿಗೆ ಬರುವಾಗ ನಾನು ಈ ದಾರಿ ಹಿಡಿಯಲು ಶುರುಮಾಡಿದ್ದು ಅನಿವಾರ್ಯದಿಂದ. ಈಗ ಬೇಕೆಂದೇ ಹಿಡಿಯುತ್ತೇನೆ. ಬೆಂಗಳೂರಿನಿಂದ ಕೊಚ್ಚಿ ಮೇಲೆ ಹೊರದೇಶಕ್ಕೆ ಹೋಗುವವರು, ಲಕ್ಷದ್ವೀಪದ ಅಗತ್ತಿಗೆ ಹೋಗುವವರು, ಇಳಿದ ಮೇಲೆ ಮಂಗಳೂರಿಗೆ ರೈಲು ಹಿಡಿಯುವವರು, ಹೀಗೆ ನಮ್ಮವರು ಇಲ್ಲಿ ಸಾಕಷ್ಟು ಸಿಗುತ್ತಾರೆ. ಹೆಚ್ಚಿನವರು ಕುರ್ಚಿಯಲ್ಲಿ ಕುಳಿತು, ಮೊಬೈಲ್ ಚಾರ್ಜ್ ಮಾಡುತ್ತಾ ಲೇಓವರ್, ಅಂದರೆ ಮುಂದಿನ ವಿಮಾನಕ್ಕೆ ಕಾಯುವ ಐದಾರು ಗಂಟೆ ಕಳೆದುಬಿಡುತ್ತಾರೆ. ನೋಡಿದಾಗಲೆಲ್ಲ ಹತ್ತಿರ ಹೋಗಿ ಹೇಳಬೇಕು ಅನಿಸುತ್ತದೆ: ಏಳಿ, ಇಲ್ಲಿಂದ ಇಪ್ಪತ್ತು ನಿಮಿಷದಲ್ಲಿ ಶಂಕರಾಚಾರ್ಯರ ಕಾಲಡಿ ಇದೆ.

ದುಬೈಯಂಥ ದೊಡ್ಡ ನಿಲ್ದಾಣದಲ್ಲಿ ಕಾಯುವುದಕ್ಕೂ ಕೊಚ್ಚಿಯಂಥ ಮಧ್ಯಮ ಗಾತ್ರದ ನಿಲ್ದಾಣದಲ್ಲಿ ಕಾಯುವುದಕ್ಕೂ ಬಹಳ ವ್ಯತ್ಯಾಸವಿದೆ. ದೊಡ್ಡ ಕಡೆ ಒಳಗೇ ಒಂದು ಪೇಟೆ ಇರುತ್ತದೆ, ಆದರೆ ಹೊರಗೆ ಬರುವುದೇ ಒಂದು ಪ್ರಯಾಣ. ಇಲ್ಲಿ ಒಳಗೆ ಎರಡು ಗಂಟೆಗಿಂತ ಹೆಚ್ಚು ನೋಡುವಂಥದ್ದಿಲ್ಲ, ಆದರೆ ಬಾಗಿಲಿನಿಂದ ರಸ್ತೆಗೆ ನಾಲ್ಕು ಹೆಜ್ಜೆ. ಊರು, ಹೊಳೆ, ದೇವಸ್ಥಾನ ಎಲ್ಲ ಪಕ್ಕದಲ್ಲೇ. ಈ ಅನುಕೂಲವನ್ನು ಬಳಸಿಕೊಳ್ಳಬೇಕಾದರೆ ಮೊದಲು ಲೆಕ್ಕ ಸರಿಯಾಗಿ ಹಾಕಬೇಕು.

ಹೆಜ್ಜೆ 1: ಟಿಕೆಟ್ ಒಂದೋ, ಎರಡೋ?

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದು. ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು. ಬೇರೆ ಬೇರೆ ತೆಗೆದಿದ್ದರೆ ಆ ಹೊಣೆ ನಿಮ್ಮದೇ. ನಾನು ಒಮ್ಮೆ ಎರಡು ಸಾವಿರ ರೂಪಾಯಿ ಉಳಿಯುತ್ತದೆಂದು ಬೇರೆ ಬೇರೆ ಕಂಪನಿಗಳಲ್ಲಿ ಟಿಕೆಟ್ ಮಾಡಿದ್ದೆ. ನಡುವೆ ಎರಡೂವರೆ ಗಂಟೆ ಇತ್ತು. ಮೊದಲ ವಿಮಾನ ಐವತ್ತು ನಿಮಿಷ ತಡ, ಇಮಿಗ್ರೇಷನ್ ಸಾಲಿನಲ್ಲಿ ನನ್ನ ಮುಂದೆ ಇನ್ನೊಂದು ವಿಮಾನದ ಜನ, ಬ್ಯಾಗು ಕೊನೆಯ ಸುತ್ತಿನಲ್ಲಿ ಬಂತು. ಟರ್ಮಿನಲ್ ಒಂದಕ್ಕೆ ಓಡಿ ಬರುವಷ್ಟರಲ್ಲಿ ಕೌಂಟರ್ ಮುಚ್ಚಿ ಎಂಟು ನಿಮಿಷವಾಗಿತ್ತು. ಹೊಸ ಟಿಕೆಟ್ಟಿಗೆ ಏಳು ಸಾವಿರ ಕೊಟ್ಟೆ. ಅಂದಿನಿಂದ ಒಂದು ನಿಯಮ: ಟಿಕೆಟ್ ಬೇರೆ ಬೇರೆಯಿದ್ದು, ಒಂದು ಕಡೆಯ ಪ್ರಯಾಣ ಅಂತರರಾಷ್ಟ್ರೀಯವಾಗಿದ್ದರೆ ನಡುವೆ ಐದು ಗಂಟೆಗಿಂತ ಕಡಿಮೆ ಇಡುವುದಿಲ್ಲ. ಆ ಐದು ಗಂಟೆ ದಂಡವಲ್ಲ, ಅದನ್ನು ಚೆನ್ನಾಗಿ ಕಳೆಯುವ ದಾರಿ ಇದೆ ಎಂದು ಗೊತ್ತಾದದ್ದೂ ಆ ಮೇಲೆಯೇ.

ಬ್ಯಾಗಿನ ವಿಷಯವೂ ಇದಕ್ಕೇ ಸೇರಿದ್ದು. ಹೊರದೇಶದಿಂದ ಬಂದು ಭಾರತದೊಳಗಿನ ವಿಮಾನ ಹಿಡಿಯುವವರು, ಟಿಕೆಟ್ ಒಂದೇ ಆಗಿದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಬೆಂಗಳೂರಿನಿಂದ ಕೊಚ್ಚಿ ಮೇಲೆ ಹೊರಗೆ ಹೋಗುವವರ ಬ್ಯಾಗ್ ಒಂದೇ ಟಿಕೆಟ್ಟಿನಲ್ಲಿ ಕೊನೆಯವರೆಗೂ ಹೋಗುವುದುಂಟು. ಚೆಕ್‌ಇನ್ ಮಾಡುವಾಗ ಬ್ಯಾಗಿಗೆ ಅಂಟಿಸುವ ಚೀಟಿ ನೋಡಿ. ಅದರಲ್ಲಿ ದೊಡ್ಡದಾಗಿ 'ಸಿಒಕೆ' ಎಂದಿದ್ದರೆ ಬ್ಯಾಗ್ ಕೊಚ್ಚಿಯಲ್ಲೇ ಇಳಿಯುತ್ತದೆ, ಮಸ್ಕತ್ತಿನ 'ಎಂಸಿಟಿ' ಎಂದಿದ್ದರೆ ಅಲ್ಲಿಯವರೆಗೆ ಹೋಗುತ್ತದೆ. ಅನುಮಾನವಿದ್ದರೆ ಕೌಂಟರ್‌ನಲ್ಲೇ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ.

ಹೆಜ್ಜೆ 2: ಕೈಗೆ ಸಿಗುವ ಗಂಟೆ ಎಷ್ಟು?

ಟಿಕೆಟ್ಟಿನ ಮೇಲಿರುವ ಗಂಟೆಗಳೇ ಬೇರೆ, ನಿಮ್ಮ ಕೈಗೆ ಸಿಗುವ ಗಂಟೆಗಳೇ ಬೇರೆ. ಲೇಓವರ್ ಹಾಳಾಗುವುದು, ವಿಮಾನ ತಪ್ಪುವುದು, ಎರಡಕ್ಕೂ ಕಾರಣ ಈ ಎರಡನ್ನು ಒಂದೇ ಎಂದುಕೊಳ್ಳುವುದು. ನಾನು ಕಳೆಯುವ ಲೆಕ್ಕ ಹೀಗೆ.

ಇಳಿದು ಹೊರಬರುವುದಕ್ಕೆ: ದೇಶದೊಳಗಿನ ವಿಮಾನವಾದರೆ ಅರ್ಧ ಗಂಟೆ, ಬ್ಯಾಗ್ ಇದ್ದರೆ ಮುಕ್ಕಾಲು ಗಂಟೆ. ಹೊರದೇಶದ್ದಾದರೆ ಒಂದೂವರೆ ಗಂಟೆ. ಗಲ್ಫಿನ ವಿಮಾನಗಳು ಬೆಳಗಿನ ಜಾವ ಒಂದರ ಹಿಂದೆ ಒಂದು ಇಳಿಯುವುದರಿಂದ ಆಗ ಇಮಿಗ್ರೇಷನ್ ಸಾಲು ಉದ್ದ. ಮತ್ತೆ ಒಳಹೋಗುವುದಕ್ಕೆ: ಮುಂದಿನದು ದೇಶದೊಳಗಿನದಾದರೆ ಹೊರಡುವ ಎರಡು ಗಂಟೆ ಮೊದಲು, ಹೊರದೇಶದ್ದಾದರೆ ಮೂರು ಗಂಟೆ ಮೊದಲು ಬಾಗಿಲಲ್ಲಿರಬೇಕು. ಇದರ ಮೇಲೆ ಇನ್ನೂ ಅರ್ಧ ಗಂಟೆ ಯಾರಿಗೂ ಕೊಡದೆ ಎತ್ತಿಡಿ.

ಒಂದು ಉದಾಹರಣೆ. ಬೆಳಗ್ಗೆ 4.40ಕ್ಕೆ ಮಸ್ಕತ್ತಿನ ವಿಮಾನ ಇಳಿಯಿತು, ಬೆಂಗಳೂರಿನ ವಿಮಾನ 12.15ಕ್ಕೆ ಎಂದುಕೊಳ್ಳಿ. ಕಾಗದದ ಮೇಲೆ ಏಳು ಗಂಟೆ ಮೂವತ್ತೈದು ನಿಮಿಷ. ಹೊರಬರುವಾಗ 6.10. ವಾಪಸ್ ಬಾಗಿಲಲ್ಲಿರಬೇಕಾದ್ದು 10.15ಕ್ಕೆ, ಎತ್ತಿಟ್ಟ ಅರ್ಧ ಗಂಟೆ ಕಳೆದರೆ 9.45ಕ್ಕೆ. ನಿಜವಾಗಿ ನಿಮ್ಮದು 6.10ರಿಂದ 9.45, ಅಂದರೆ ಮೂರು ಗಂಟೆ ಮೂವತ್ತೈದು ನಿಮಿಷ. ಇದರಲ್ಲಿ ಕೊಚ್ಚಿ ಕೋಟೆಗೆ ಹೋಗಿ ಬರುತ್ತೇನೆ ಅಂದರೆ ವಿಮಾನ ತಪ್ಪಿತು ಎಂದೇ ಅರ್ಥ. ಆದರೆ ಕಾಲಡಿಗೆ ಹೋಗಿ, ಹೊಳೆಯಲ್ಲಿ ಕಾಲಿಟ್ಟು, ದರ್ಶನ ಮಾಡಿ, ಪುಟ್ಟು-ಕಡಲೆ ತಿಂದು ಬರುವುದಕ್ಕೆ ಇದು ಹೇಳಿ ಮಾಡಿಸಿದ ಹೊತ್ತು.

ಈ ಲೆಕ್ಕದಲ್ಲಿ ಎರಡು ಗಂಟೆಗಿಂತ ಕಡಿಮೆ ಉಳಿದರೆ ಹೊರಗೆ ಹೋಗುವ ಆಸೆ ಬಿಡಿ. ಅಗತ್ತಿಗೆ ಹೋಗುವವರಂತೂ ಎಷ್ಟೇ ಹೊತ್ತಿದ್ದರೂ ಒಳಗೇ ಇರುವುದು ಒಳ್ಳೆಯದು. ದ್ವೀಪದ ಪರ್ಮಿಟ್, ಚಿಕ್ಕ ವಿಮಾನದ ಬ್ಯಾಗ್ ತೂಕದ ಮಿತಿ, ಹವಾಮಾನ ನೋಡಿ ಬದಲಾಗುವ ಸಮಯ, ಇಷ್ಟರ ಮೇಲೆ ಇನ್ನೊಂದು ಆತಂಕ ಬೇಡ.

ಹೆಜ್ಜೆ 3: ಇಳಿದ ಮೇಲಿನ ಮೊದಲ ಅರ್ಧ ಗಂಟೆ

ಟರ್ಮಿನಲ್ 1 ದೇಶದೊಳಗಿನ ವಿಮಾನಗಳಿಗೆ, ಟರ್ಮಿನಲ್ 3 ಅಂತರರಾಷ್ಟ್ರೀಯ ವಿಮಾನಗಳಿಗೆ. ಎರಡೂ ಒಂದೇ ಆವರಣದಲ್ಲಿವೆ, ಟ್ರಾಲಿ ತಳ್ಳಿಕೊಂಡು ನಡೆದೇ ಹೋಗಬಹುದು. ಟ್ಯಾಕ್ಸಿಗೆ ದುಡ್ಡು ಕೊಡಬೇಡಿ. ವಯಸ್ಸಾದವರಿದ್ದರೆ ಟಿಕೆಟ್ ಮಾಡುವಾಗಲೇ ಎರಡೂ ವಿಮಾನಗಳಿಗೆ ವ್ಹೀಲ್‌ಚೇರ್ ಕೇಳಿಡಿ, ಒಂದಕ್ಕೆ ಮಾತ್ರ ಕೇಳಿ ಇನ್ನೊಂದಕ್ಕೆ ಮರೆಯುವವರೇ ಹೆಚ್ಚು.

ಹೊರಬರುವ ಮೊದಲೇ ಮಾಡಬೇಕಾದ ಕೆಲಸಗಳಿವೆ. ಮುಂದಿನ ವಿಮಾನದ ವೆಬ್ ಚೆಕ್‌ಇನ್ ಮುಗಿಸಿ, ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ವಿಮಾನ ಸಮಯಕ್ಕೆ ಸರಿಯಾಗಿದೆಯೇ ಎಂದು ಬೋರ್ಡ್ ನೋಡಿ. ಶೌಚಾಲಯಕ್ಕೆ ಹೋಗಿ ಮುಖ ತೊಳೆದು ಬನ್ನಿ, ಹೊರಗಿನದಕ್ಕಿಂತ ಒಳಗಿನದೇ ಸ್ವಚ್ಛ. ನಿಲ್ದಾಣದ ವೈಫೈಗೆ ಮೊಬೈಲ್‌ಗೆ ಓಟಿಪಿ ಬರುತ್ತದೆ, ಟ್ಯಾಕ್ಸಿ ಆ್ಯಪ್, ಯುಪಿಐ ಎಲ್ಲದಕ್ಕೂ ಭಾರತದ ಸಿಮ್ ಇದ್ದರೆ ಸುಲಭ. ಗಲ್ಫಿನಲ್ಲಿರುವವರು ಹೊರಡುವ ಹಿಂದಿನ ದಿನವೇ ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಸಿಡುವುದು ಮರೆಯಬಾರದು. ಮಕ್ಕಳದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನ ತಳದಲ್ಲಿ ಅಲ್ಲ.

ಪದೇಪದೇ ಓಡಾಡುವವರು ಎರಡು ನೋಂದಣಿ ಮಾಡಿಸಿಕೊಳ್ಳಿ. ದೇಶದೊಳಗಿನ ಪ್ರಯಾಣಕ್ಕೆ, ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ಇಲ್ಲಿ 2023ರಿಂದ ಇದೆ. ಇಮಿಗ್ರೇಷನ್ ಸಾಲು ತಪ್ಪಿಸುವ, ಕೇಂದ್ರ ಗೃಹ ಸಚಿವಾಲಯದ 'ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್' ಯೋಜನೆ 2025ರ ಜನವರಿಯಲ್ಲಿ ಕೊಚ್ಚಿಗೂ ಬಂತು. ಅರ್ಧ ಗಂಟೆ ಉಳಿದರೂ ಆ ಅರ್ಧ ಗಂಟೆ ಹೊಳೆಯ ದಂಡೆಯಲ್ಲಿ ಸಿಗುತ್ತದೆ.

ಹೆಜ್ಜೆ 4: ಹೊತ್ತು ಕಡಿಮೆಯಿದ್ದರೆ ಒಳಗೇ ನೋಡುವುದು

ಈ ನಿಲ್ದಾಣದ ಕಥೆ ತಿಳಿದಿದ್ದರೆ ಒಳಗೆ ಕುಳಿತರೂ ಬೇಸರವಾಗುವುದಿಲ್ಲ. ಮೊದಲು ಕೊಚ್ಚಿಯ ವಿಮಾನಗಳು ವಿಲ್ಲಿಂಗ್ಡನ್ ದ್ವೀಪದ ನೌಕಾಪಡೆಯ ಚಿಕ್ಕ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ದೊಡ್ಡದೊಂದು ಬೇಕೆಂದಾಗ ಸರ್ಕಾರದ ಜೊತೆ ಹೊರದೇಶಗಳಲ್ಲಿ ದುಡಿಯುತ್ತಿದ್ದ ಮಲಯಾಳಿಗಳು ದುಡ್ಡು ಹಾಕಿ ಷೇರುದಾರರಾದರು. 1999ರಲ್ಲಿ ನಿಲ್ದಾಣ ಶುರುವಾಯಿತು. ಸರ್ಕಾರ ಮತ್ತು ಖಾಸಗಿಯವರು ಕೂಡಿ ಕಟ್ಟಿದ ದೇಶದ ಮೊದಲ ವಿಮಾನ ನಿಲ್ದಾಣ ಇದು. ಗಲ್ಫಿನಲ್ಲಿ ದುಡಿಯುವ ನನ್ನಂಥವರಿಗೆ ಈ ಮಾತು ಎದೆಗೆ ತಟ್ಟುತ್ತದೆ. ಊರಿಗೆ ಬರುವ ದಾರಿಯನ್ನು ದುಡಿಯುವವರೇ ಕೈಯಾರೆ ಕಟ್ಟಿಕೊಂಡಿದ್ದಾರೆ.

2015ರ ಆಗಸ್ಟ್ 18ರಂದು 12 ಮೆಗಾವಾಟ್‌ನ ಸೌರ ಘಟಕ ಶುರುವಾದಾಗ, ಪೂರ್ತಿ ಸೌರ ವಿದ್ಯುತ್ತಿನಿಂದಲೇ ನಡೆಯುವ ಪ್ರಪಂಚದ ಮೊದಲ ವಿಮಾನ ನಿಲ್ದಾಣವಾಯಿತು. ಆಮೇಲೆ ಘಟಕ ಇನ್ನೂ ಬೆಳೆಯಿತು. 2018ರಲ್ಲಿ ವಿಶ್ವಸಂಸ್ಥೆಯ 'ಚಾಂಪಿಯನ್ಸ್ ಆಫ್ ದಿ ಅರ್ಥ್' ಪ್ರಶಸ್ತಿಯೂ ಬಂತು. ಹಗಲಿನಲ್ಲಿ ಇಳಿಯುವುದಾದರೆ ಕಿಟಕಿ ಸೀಟು ಕೇಳಿ, ತೆಂಗಿನ ತೋಟಗಳ ನಡುವೆ ನೀಲಿ ಹಲಗೆಗಳ ಸಾಲು ಹಾಸಿದ್ದು ಕಾಣುತ್ತದೆ. ಆ ಹಲಗೆಗಳ ಕೆಳಗೆ, ಸಾಲುಗಳ ನಡುವಿನ ಜಾಗದಲ್ಲಿ ತರಕಾರಿ ಬೆಳೆಯುತ್ತಾರೆ. ಹಲಗೆ ತೊಳೆದ ನೀರು ಗಿಡಗಳಿಗೆ ಹೋಗುತ್ತದೆ. ಅಡಿಕೆ ತೋಟದಲ್ಲಿ ಮೆಣಸು, ಏಲಕ್ಕಿ, ಬಾಳೆ ಬೆಳೆಯುವ ನಮ್ಮವರಿಗೆ ಈ ಬುದ್ಧಿ ಬೇಗ ಅರ್ಥವಾಗುತ್ತದೆ.

ಟರ್ಮಿನಲ್ 3ರಲ್ಲಿ ಚೆಕ್‌ಇನ್ ಕಡೆ ತ್ರಿಶೂರ್ ಪೂರಂನ ಆನೆಗಳ ಪ್ರತಿಮೆಗಳನ್ನು ನೆಟ್ಟಿಪಟ್ಟ (ಹಣೆಯ ಆಭರಣ) ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ, ಮಕ್ಕಳಿದ್ದರೆ ಅಲ್ಲಿ ಕಾಲು ಗಂಟೆ ಹೋಗುತ್ತದೆ. ಉಳಿದಂತೆ ಒಳಗಿನ ಅಂಗಡಿಗಳಲ್ಲಿ ವಿಶೇಷವೇನಿಲ್ಲ.

ಹೆಜ್ಜೆ 5: ಮೂರು ಗಂಟೆ ಕೈಯಲ್ಲಿದ್ದರೆ, ಕಾಲಡಿ

ಇದು ಈ ಬರಹದ ಮುಖ್ಯ ಭಾಗ. ನಿಲ್ದಾಣದಿಂದ ಏಳೆಂಟು ಕಿಲೋಮೀಟರ್ ದೂರ, ಟ್ಯಾಕ್ಸಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ. ಪ್ರೀಪೇಯ್ಡ್ ಕೌಂಟರ್‌ನಿಂದಾಗಲಿ ಆ್ಯಪ್‌ನಿಂದಾಗಲಿ ಗಾಡಿ ಹಿಡಿಯಿರಿ, ಆದರೆ ಹೋಗುವುದಕ್ಕೆ ಮಾತ್ರವಲ್ಲ, ಕಾಯುವ ಹೊತ್ತನ್ನೂ ಸೇರಿಸಿ ಹೋಗಿ-ಬರುವುದಕ್ಕೆ ಮಾತಾಡಿ. ಹಾಗೆ ಮಾಡಿದರೆ ಬ್ಯಾಗುಗಳು ಡಿಕ್ಕಿಯಲ್ಲೇ ಇರುತ್ತವೆ, ವಾಪಸ್ ಗಾಡಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲ. ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಪಾಸ್‌ಪೋರ್ಟು, ದುಡ್ಡು, ಔಷಧಿ ಮಾತ್ರ ಹೆಗಲ ಚೀಲದಲ್ಲಿರಲಿ. ಡ್ರೈವರ್‌ಗೆ ವಿಮಾನದ ಸಮಯ ಹೇಳಬೇಡಿ, ಬಾಗಿಲಲ್ಲಿರಬೇಕಾದ ಸಮಯ ಹೇಳಿ. 'ಚೇಟ್ಟಾ (ಅಣ್ಣಾ), 9.45ಕ್ಕೆ ಏರ್‌ಪೋರ್ಟ್' ಎಂದರೆ ಸಾಕು.

ಶಂಕರಾಚಾರ್ಯರು ಹುಟ್ಟಿದ ಊರು ಕಾಲಡಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಆ ಜಾಗ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಅದನ್ನು ಮತ್ತೆ ಗುರುತಿಸಿ ಎತ್ತಿ ನಿಲ್ಲಿಸಿದವರು ಶೃಂಗೇರಿಯ 33ನೆಯ ಜಗದ್ಗುರುಗಳಾದ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. ತಿರುವಾಂಕೂರಿನ ಮಹಾರಾಜರು ಜಾಗ ಬಿಟ್ಟುಕೊಟ್ಟರು, 1910ರಲ್ಲಿ ಶಾರದಾಂಬೆಗೂ ಶಂಕರರಿಗೂ ಇಲ್ಲಿ ಪ್ರತಿಷ್ಠೆಯಾಯಿತು. ತುಂಗೆಯ ದಡದ ಮಠ ಪೆರಿಯಾರ್ ದಡದಲ್ಲಿ ತನ್ನ ಮೂಲವನ್ನು ಹುಡುಕಿಕೊಂಡ ಕಥೆ ಇದು. ಮಲೆನಾಡಿನವರಿಗೆ ಇಲ್ಲಿ ಕಾಲಿಟ್ಟಾಗ ಪರಊರು ಅನಿಸುವುದೇ ಇಲ್ಲ.

ಹೋಗುವ ಕ್ರಮ ಹೀಗಿರಲಿ. ಮೊದಲು ನೇರ ಶೃಂಗೇರಿ ಮಠದ ಆವರಣಕ್ಕೆ. ಅಲ್ಲಿ ಶಾರದಾ ಗುಡಿ, ಶಂಕರರ ಗುಡಿ, ಎರಡರ ಹತ್ತಿರವೇ ಶಂಕರರ ತಾಯಿ ಆರ್ಯಾಂಬೆಯ ಸಮಾಧಿ. ಪಕ್ಕದಲ್ಲಿ ಅವರ ಮನೆದೇವರಾದ ಶ್ರೀಕೃಷ್ಣನ ದೇವಸ್ಥಾನ. ಹಿಂದೆ ಮೆಟ್ಟಿಲಿಳಿದರೆ ಪೆರಿಯಾರ್, ಬಾಲಕ ಶಂಕರನ ಕಾಲನ್ನು ಮೊಸಳೆ ಹಿಡಿಯಿತು ಎನ್ನುವ ಕಡವು. ಕೇರಳದ ದೇವಸ್ಥಾನಗಳಂತೆ ಇಲ್ಲೂ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಬೆಳಗ್ಗೆ ಹತ್ತೂವರೆಯೊಳಗೆ ಅಥವಾ ಸಂಜೆ ಐದರ ನಂತರ ನಿಮ್ಮ ಹೊತ್ತು ಬೀಳುತ್ತದೆಯೇ ನೋಡಿಕೊಳ್ಳಿ. ಮಧ್ಯಾಹ್ನವೇ ಬಿದ್ದರೆ ಬೇಸರ ಬೇಡ, ಹೊಳೆಗೆ ಬಾಗಿಲಿಲ್ಲ. ಗಂಡಸರು ಅಂಗಿ ತೆಗೆಯಬೇಕಾಗಿ ಬರಬಹುದು, ಒಂದು ಪಂಚೆ ಕೈಚೀಲದಲ್ಲಿದ್ದರೆ ಸುಲಭ.

ಅಮ್ಮನನ್ನು ಒಮ್ಮೆ ಮಸ್ಕತ್‌ನಿಂದ ಊರಿಗೆ ಕರೆದುಕೊಂಡು ಬರುವಾಗ ಹೀಗೇ ಬೆಳಗ್ಗೆ ಏಳರ ಹೊತ್ತಿಗೆ ಅಲ್ಲಿದ್ದೆವು. ಮೂರು ತಿಂಗಳು ಮರಳುಗಾಡಿನಲ್ಲಿದ್ದು ಬಂದವರು. ಆರ್ಯಾಂಬೆಯ ಸಮಾಧಿಯ ಮುಂದೆ ದೀಪಕ್ಕೆ ಎಣ್ಣೆ ಹಾಕಿ ಸುಮ್ಮನೆ ನಿಂತಿದ್ದರು. ಆಮೇಲೆ ಕಡವಿಗೆ ಇಳಿದು, ಸೀರೆಯ ನೆರಿಗೆ ಮೊಣಕಾಲವರೆಗೆ ಎತ್ತಿ ಹಿಡಿದು ಎರಡನೇ ಮೆಟ್ಟಿಲ ಮೇಲೆ ಕುಳಿತರು. ನೀರು ಕಣಕಾಲು ಮುಟ್ಟುತ್ತಿತ್ತು. ಒಂದು ಎಲೆ ತೇಲಿ ಬಂದು ಅವರ ಹಿಮ್ಮಡಿಗೆ ತಾಗಿ ನಿಂತಿತು. 'ಮಗನನ್ನು ಸನ್ಯಾಸಕ್ಕೆ ಕಳಿಸಿದವಳು, ಒಬ್ಬಳೇ ಇಷ್ಟು ದೊಡ್ಡ ಹೊಳೆಯ ಪಕ್ಕ ಇದ್ದಳಲ್ಲ' ಅಂದರು. ಮಕ್ಕಳು ಹೊರದೇಶದಲ್ಲಿರುವ ತಾಯಿಯ ಮಾತು ಅದು. ನಾನು ಏನೂ ಹೇಳಲಿಲ್ಲ, ಪಕ್ಕದಲ್ಲಿ ಕುಳಿತೆ. ವಾಪಸ್ ಬಂದು ಬೆಂಗಳೂರಿನ ವಿಮಾನ ಹತ್ತಿದಾಗಲೂ ಅಮ್ಮನ ಸೀರೆಯ ಅಂಚು ಹಸಿಯಾಗಿಯೇ ಇತ್ತು.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳುತ್ತೇನೆ: ಮೆಟ್ಟಿಲಿನಿಂದ ಮುಂದೆ ಇಳಿಯಬೇಡಿ. ಪೆರಿಯಾರ್ ಮೇಲೆ ಶಾಂತವಾಗಿ ಕಂಡರೂ ಆಳ ಹೆಚ್ಚು, ಸೆಳೆತವಿದೆ. ಮಳೆಗಾಲದಲ್ಲಿ ಮೇಲಿನ ಮೆಟ್ಟಿಲಿನಿಂದಲೇ ನಮಸ್ಕಾರ ಮಾಡಿ. ಮಕ್ಕಳ ಕೈ ಬಿಡಬೇಡಿ.

ಹೊತ್ತು ಉಳಿದರೆ ಊರಿನ ಮುಖ್ಯರಸ್ತೆಯಲ್ಲಿರುವ ಕಂಚಿ ಮಠದ ಕೀರ್ತಿಸ್ತಂಭ ಮಂಟಪ ನೋಡಿ. ಎಂಟು ಅಂತಸ್ತಿನ ಎಂಟು ಮೂಲೆಯ ಗೋಪುರ, ಏರುವ ದಾರಿಯುದ್ದಕ್ಕೂ ಗೋಡೆಯ ಮೇಲೆ ಶಂಕರರ ಬದುಕಿನ ಉಬ್ಬುಚಿತ್ರಗಳು. ಇಪ್ಪತ್ತು ನಿಮಿಷ ಸಾಕು. ಮೊಣಕಾಲು ನೋವಿನವರು ಬಿಟ್ಟುಬಿಡಬಹುದು.

ಅಥವಾ ಆಲುವಾ

ಕಾಲಡಿಯಿಂದ ಅದೇ ಪೆರಿಯಾರ್ ಕೆಳಗೆ ಹರಿದು ಆಲುವಾ ಮುಟ್ಟುತ್ತದೆ, ನಿಲ್ದಾಣದಿಂದ ಹನ್ನೆರಡು ಕಿಲೋಮೀಟರ್ ಆಚೆ. ಕರಾವಳಿಯವರಿಗೆ ಇಲ್ಲಿ ಒಂದು ನಂಟಿದೆ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಮರುವರ್ಷ ಆಲುವಾದ ಹೊಳೆಯ ದಡದಲ್ಲಿ ಅದ್ವೈತಾಶ್ರಮ ಕಟ್ಟಿದರು. 1924ರಲ್ಲಿ ಅಲ್ಲೇ ಸರ್ವಧರ್ಮ ಸಮ್ಮೇಳನ ನಡೆಸಿದರು. ವಾದಿಸಿ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಮತ್ತು ತಿಳಿಸುವುದಕ್ಕೆ ಎಂಬುದು ಆ ಸಮ್ಮೇಳನದ ಮಾತಾಗಿತ್ತು. ಅದ್ವೈತದ ಇಬ್ಬರು ಗುರುಗಳು, ಒಂದೇ ಹೊಳೆ, ನಡುವೆ ಒಂದು ವಿಮಾನ ನಿಲ್ದಾಣ. ಇಬ್ಬರ ದಾರಿಯೂ ಕರ್ನಾಟಕಕ್ಕೆ ಬಂದು ಮುಟ್ಟಿದೆ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಶಿವರಾತ್ರಿಗೆ ಪಿತೃಗಳಿಗೆ ಪಿಂಡ ಇಡಲು ಜನ ಸೇರುವ ಮಣಪ್ಪುರಂ ಮರಳದಂಡೆಯೂ ಇಲ್ಲೇ. ಆ ದಿನ ಮಾತ್ರ ಆಲುವಾ ಕಡೆ ತಲೆಹಾಕಬೇಡಿ, ರಸ್ತೆಯಲ್ಲಿ ಗಾಡಿ ಕದಲುವುದಿಲ್ಲ.

ಹೋಗುವುದು ಸುಲಭ. ನಿಲ್ದಾಣದಿಂದ ಆಲುವಾ ಮೆಟ್ರೊವರೆಗೆ ಕೊಚ್ಚಿ ಮೆಟ್ರೊದವರ ಎಲೆಕ್ಟ್ರಿಕ್ ಬಸ್ಸುಗಳಿವೆ, 2025ರ ಜನವರಿಯಲ್ಲಿ ಶುರುವಾದಾಗ ದರ 80 ರೂಪಾಯಿ ಇತ್ತು. ಕೈಯಲ್ಲಿ ಸಣ್ಣ ಚೀಲ ಮಾತ್ರ ಇರುವವರಿಗೆ ಇದು ಟ್ಯಾಕ್ಸಿಗಿಂತ ಒಳ್ಳೆಯದು.

ಹೆಜ್ಜೆ 6: ಹತ್ತು ಗಂಟೆ ಮೀರಿದ ಲೇಓವರ್

ಕಳೆದು ಉಳಿದ ಹೊತ್ತು ಆರೂವರೆ ಗಂಟೆ ದಾಟಿದರೆ ಮಾತ್ರ ಕೊಚ್ಚಿ ಕೋಟೆ. ದೂರ ಸುಮಾರು 40 ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ, ಟ್ರಾಫಿಕ್ ಸಿಕ್ಕರೆ ಇನ್ನೂ ಹೆಚ್ಚು. ನನಗೆ ಇಷ್ಟದ ದಾರಿ ಬೇರೆ: ಬಸ್ಸಿನಲ್ಲಿ ಆಲುವಾ, ಅಲ್ಲಿಂದ ಮೆಟ್ರೊದಲ್ಲಿ ಎಂ.ಜಿ. ರೋಡ್, ಆಟೊದಲ್ಲಿ ಹೈಕೋರ್ಟ್ ಜೆಟ್ಟಿ, ಅಲ್ಲಿಂದ ವಾಟರ್ ಮೆಟ್ರೊ ದೋಣಿಯಲ್ಲಿ ಫೋರ್ಟ್ ಕೊಚ್ಚಿ. ವಾಟರ್ ಮೆಟ್ರೊ 2023ರ ಏಪ್ರಿಲ್‌ನಲ್ಲಿ ಶುರುವಾದದ್ದು, ಬ್ಯಾಟರಿಯ ದೋಣಿಗಳು, ಕಟ್ಟಿದ್ದು ಕೊಚ್ಚಿ ಶಿಪ್‌ಯಾರ್ಡ್. ಎಸಿ ಇದೆ, ದೊಡ್ಡ ಗಾಜುಗಳಿವೆ, ಬಂದರಿನ ಹಡಗುಗಳ ಪಕ್ಕದಲ್ಲೇ ಹಾಯುತ್ತದೆ. ಒಟ್ಟು ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ವಾಪಸ್ ಬರುವಾಗ ಟ್ಯಾಕ್ಸಿಯಲ್ಲೇ ನೇರ ಬನ್ನಿ.

ಅಲ್ಲಿ ಎಲ್ಲವನ್ನೂ ನೋಡುವ ಹಠ ಬೇಡ. ಚೀನಾ ಬಲೆಗಳನ್ನು ಎತ್ತುವುದನ್ನು ಹತ್ತು ನಿಮಿಷ ನಿಂತು ನೋಡಿ, ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳ ಭಾರದಲ್ಲಿ ಅಷ್ಟು ದೊಡ್ಡ ಬಲೆ ನಾಲ್ಕೈದು ಜನರ ಕೈಯಲ್ಲಿ ಏಳುತ್ತದೆ. ವಾಸ್ಕೋ ಡ ಗಾಮನನ್ನು 1524ರಲ್ಲಿ ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚ್ ಪಕ್ಕದಲ್ಲೇ ಇದೆ. ಆಮೇಲೆ ಮಟ್ಟಾಂಚೇರಿಯ ಅರಮನೆ, ಅದರ ರಾಮಾಯಣದ ಭಿತ್ತಿಚಿತ್ರಗಳಿಗೆ ಒಂದು ಗಂಟೆ ಕೊಡಬೇಕು. ಶುಕ್ರವಾರ ಅರಮನೆಗೆ ರಜೆ. 1568ರ ಯೆಹೂದಿ ಮಂದಿರ ಶನಿವಾರ ಮುಚ್ಚಿರುತ್ತದೆ. ಹಾಗಾಗಿ ವಾರದ ಈ ಎರಡು ದಿನ ಲೇಓವರ್ ಬಿದ್ದರೆ ಯೋಜನೆ ಬದಲಿಸಿ. ಮಂಗಳೂರಿನ ಕೊಂಕಣಿ ಮಾತಿನವರು ಚೆರ್ಲಾಯಿಯ ತಿರುಮಲ ದೇವಸ್ಥಾನದ ಸುತ್ತಿನ ಓಣಿಗಳಲ್ಲಿ ನಡೆದು ನೋಡಿ, ಗೋವಾದಿಂದ ಬಂದು ನೆಲೆಸಿದವರ ಮನೆಗಳಿಂದ ನಿಮ್ಮದೇ ಮಾತು ಕೇಳಿಸುತ್ತದೆ.

ಅದಿರಪ್ಪಿಳ್ಳಿ ಜಲಪಾತಕ್ಕೆ ಒಂದು ಗಂಟೆಯ ದಾರಿ. ಹೊತ್ತಿದ್ದರೆ ಹೋಗಬಹುದು, ಆದರೆ ಜೋಗ ನೋಡಿ ಬೆಳೆದವರಿಗೆ ಲೇಓವರ್‌ನಲ್ಲಿ ಇದಕ್ಕಾಗಿ ಓಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಗುರುವಾಯೂರು 80 ಕಿಲೋಮೀಟರ್. ಹೋಗಿಬರುವುದಕ್ಕೇ ನಾಲ್ಕು ಗಂಟೆ, ದರ್ಶನದ ಸಾಲು ಎಷ್ಟು ಉದ್ದವೋ ಹೇಳಲಾಗದು. ಒಂದು ರಾತ್ರಿ ಪೂರ್ತಿ ಇದ್ದರೆ ಮಾತ್ರ ಆ ಮಾತು.

ರಾತ್ರಿ ಬಿದ್ದರೆ

2024ರ ಸೆಪ್ಟೆಂಬರ್‌ನಲ್ಲಿ ಟರ್ಮಿನಲ್ 2ರಲ್ಲಿ '0484 ಏರೊ ಲೌಂಜ್' ಶುರುವಾಯಿತು. 0484 ಅಂದರೆ ಎರ್ನಾಕುಳಂನ ಹಳೆಯ ಎಸ್‌ಟಿಡಿ ಕೋಡ್. ಇಲ್ಲಿ ಗಂಟೆಗಳ ಲೆಕ್ಕದಲ್ಲಿ ರೂಮು ಸಿಗುತ್ತದೆ, ಸೆಕ್ಯುರಿಟಿ ದಾಟಿ ಒಳಗೆ ಹೋಗಬೇಕಾಗಿಲ್ಲ. ಮೊದಲೇ ಬುಕ್ ಮಾಡುವುದು ಒಳ್ಳೆಯದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಊರು ನೋಡುವುದನ್ನು ಬಿಟ್ಟು ಇದಕ್ಕೇ ದುಡ್ಡು ಹಾಕಿ. ಸ್ನಾನ ಮಾಡಿ ನಾಲ್ಕು ಗಂಟೆ ಮಲಗಿ ಎದ್ದವರು ಮನೆಗೆ ನಗುಮುಖದಲ್ಲಿ ಹೋಗುತ್ತಾರೆ.

ಹೊಟ್ಟೆಪಾಡು

ಒಳಗಿನ ಇಡ್ಲಿ-ಕಾಫಿಯ ದರಕ್ಕೆ ಅಂಗಮಾಲಿ ಅಥವಾ ಕಾಲಡಿ ರಸ್ತೆಯಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು. ಬೆಳಗ್ಗೆ ಪುಟ್ಟು-ಕಡಲೆ ಇಲ್ಲವೇ ಅಪ್ಪಂ ಕೇಳಿ. ಮಧ್ಯಾಹ್ನ ಊಟ ಅಂದರೆ ಕೆಂಪು ಮಟ್ಟ ಅಕ್ಕಿಯ ಅನ್ನ, ದಕ್ಷಿಣ ಕನ್ನಡದ ಕುಚ್ಚಲಕ್ಕಿ ಉಂಡವರಿಗೆ ಹೊಸದೇನಲ್ಲ. ಅಂಗಮಾಲಿಯ ಮಾವಿನಕಾಯಿ ಕರಿ ತೆಂಗಿನಹಾಲಿನದು, ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ತಿನ್ನಬಹುದಾದ ಮೇಲೋಗರ. ಆದರೂ ಮೀನು ಹಾಕಿಲ್ಲವೇ ಎಂದು ಒಂದು ಮಾತು ಕೇಳಿಕೊಳ್ಳಿ. ಲೋಟದಲ್ಲಿ ನಸುಗೆಂಪು ಬಿಸಿನೀರು ತಂದಿಟ್ಟರೆ ಗಾಬರಿಯಾಗಬೇಡಿ, ಪದಿಮುಗಂ ಎಂಬ ಚೆಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು ಅದು. ಮಾತಿಗೆ ನಾಲ್ಕು ಪದ ಸಾಕು: ಎಷ್ಟು ಅನ್ನುವುದಕ್ಕೆ 'ಎತ್ರ', ಎಲ್ಲಿ ಅನ್ನುವುದಕ್ಕೆ 'ಎವಿಡೆ', ಸಾಕು ಅನ್ನುವುದಕ್ಕೆ 'ಮದಿ', ಬೇಡ ಅನ್ನುವುದಕ್ಕೆ 'ವೇಂಡ'.

ಮಳೆಗಾಲದಲ್ಲಿ ಬೇರೆ ಲೆಕ್ಕ

ನಿಲ್ದಾಣ ಪೆರಿಯಾರ್ ಬಯಲಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ರನ್‌ವೇ ಮುಳುಗಿತು, 15ರಿಂದ 29ರವರೆಗೆ ನಿಲ್ದಾಣ ಮುಚ್ಚಿತ್ತು. ಆ ದಿನಗಳಲ್ಲಿ ನೌಕಾಪಡೆಯ ಹಳೆಯ ನಿಲ್ದಾಣವನ್ನೇ ಮತ್ತೆ ತೆರೆದರು, 20ರಂದು ಅಲ್ಲಿ ಇಳಿದ ಮೊದಲ ಪ್ರಯಾಣಿಕ ವಿಮಾನ ಬೆಂಗಳೂರಿನದು. ಅಂಥ ನೆರೆ ಪ್ರತಿ ವರ್ಷ ಬರುವುದಿಲ್ಲ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ವಿಮಾನ ತಡವಾಗುವುದು, ರಸ್ತೆಯಲ್ಲಿ ನೀರು ನಿಲ್ಲುವುದು ಮಾಮೂಲು. ಆ ತಿಂಗಳುಗಳಲ್ಲಿ ಎತ್ತಿಟ್ಟ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿ, ಕಾಲಡಿಗಿಂತ ದೂರ ಹೋಗಬೇಡಿ.

ಹೆಜ್ಜೆ 7: ಮತ್ತೆ ಒಳಗೆ

ಬಾಗಿಲಲ್ಲಿ ಭದ್ರತೆ ನೋಡಿಕೊಳ್ಳುವ ಸಿಐಎಸ್‌ಎಫ್‌ನವರಿಗೆ ಟಿಕೆಟ್ಟು ಮತ್ತು ಗುರುತಿನ ಚೀಟಿ ತೋರಿಸಬೇಕು, ಎರಡನ್ನೂ ಗಾಡಿಯಿಂದ ಇಳಿಯುವ ಮೊದಲೇ ಕೈಯಲ್ಲಿ ಹಿಡಿದುಕೊಳ್ಳಿ. ಪವರ್‌ಬ್ಯಾಂಕ್ ಕೈಚೀಲದಲ್ಲಿ ಮಾತ್ರ, ದೊಡ್ಡ ಬ್ಯಾಗಿನಲ್ಲಿದ್ದರೆ ತೆಗೆಸುತ್ತಾರೆ. ನೇಂದ್ರ ಬಾಳೆಯ ಚಿಪ್ಸು, ಹಲ್ವಾ ತರಬಹುದು. ಆದರೆ ಕೇರಳಕ್ಕೆ ಹೋದವರು ಕೈತುಂಬ ಕೊಳ್ಳುವ ಒಣ ಕೊಬ್ಬರಿಗೆ ವಿಮಾನದಲ್ಲಿ ಅನುಮತಿ ಇಲ್ಲ, ಅದರಲ್ಲಿ ಎಣ್ಣೆಯಂಶ ಹೆಚ್ಚಿದ್ದು ಬೆಂಕಿ ಹತ್ತುವ ಅಪಾಯವಿದೆ. ಉಪ್ಪಿನಕಾಯಿ, ತೆಂಗಿನೆಣ್ಣೆಯನ್ನು ಕೈಚೀಲದಲ್ಲಿಟ್ಟು ಸೆಕ್ಯುರಿಟಿಯಲ್ಲಿ ಬಿಟ್ಟುಕೊಡುವವರನ್ನು ಪ್ರತಿ ಸಲ ನೋಡುತ್ತೇನೆ. ಸೋರದಂತೆ ಕಟ್ಟಿಸಿ ಚೆಕ್‌ಇನ್ ಬ್ಯಾಗಿಗೆ ಹಾಕಿ.

ಮುಂದಿನದು ರೈಲಾದರೆ

ಮಂಗಳೂರು, ಉಡುಪಿ ಕಡೆಯವರಿಗೆ ಇದು ಎಷ್ಟೋ ಸಲ ಎರಡನೇ ವಿಮಾನಕ್ಕಿಂತ ಒಳ್ಳೆಯ ದಾರಿ. ನಿಲ್ದಾಣಕ್ಕೆ ಹತ್ತಿರದ ರೈಲು ನಿಲ್ದಾಣ ಅಂಗಮಾಲಿ, ರೈಲ್ವೆಯವರು ಅದನ್ನು 'ಕಾಲಡಿಗಾಗಿ ಅಂಗಮಾಲಿ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಹೆಚ್ಚು ರೈಲುಗಳು ನಿಲ್ಲುವುದು ಆಲುವಾದಲ್ಲಿ. ಮಂಗಳೂರಿಗೆ ರಾತ್ರಿ ಮಲಬಾರ್, ಮಾವೇಲಿ, ಹಗಲು ಪರಶುರಾಮ್, ಏರನಾಡ್ ಎಕ್ಸ್‌ಪ್ರೆಸ್‌ಗಳಿವೆ. ಸಂಜೆ ಇಳಿದವರಿಗೆ ಕಾಲಡಿಯ ದೀಪಾರಾಧನೆ ನೋಡಿ, ಆಲುವಾದಲ್ಲಿ ಊಟ ಮಾಡಿ, ರಾತ್ರಿ ರೈಲು ಹತ್ತುವಷ್ಟು ಹೊತ್ತು ಸಿಗುತ್ತದೆ. ಟಿಕೆಟ್ ವಾರಗಳ ಮೊದಲೇ ಮಾಡಿಸಬೇಕು, ವಯಸ್ಸಾದವರಿಗೆ ಕೆಳಗಿನ ಬರ್ತ್ ಕೇಳಿ. ವಿಮಾನ ತಡವಾದರೆ ರೈಲು ಕಾಯುವುದಿಲ್ಲ, ಹಾಗಾಗಿ ಇಲ್ಲೂ ಐದು ಗಂಟೆಯ ನಿಯಮವೇ. ಬೆಳಗ್ಗೆ ರೈಲು ಕಾಸರಗೋಡು ದಾಟುತ್ತದೆ. ಕುಂಬಳೆ, ಮಂಜೇಶ್ವರದಲ್ಲಿ ಹತ್ತಿದವರು ತುಳು, ಕನ್ನಡದಲ್ಲಿ ಮಾತಾಡುತ್ತಾ ಪಕ್ಕದಲ್ಲಿ ಕೂರುತ್ತಾರೆ. ಕಿಟಕಿಯಲ್ಲಿ ನೇತ್ರಾವತಿಯ ಸೇತುವೆ ಕಂಡಾಗ ಬರ್ತ್ ಕೆಳಗಿನ ಬ್ಯಾಗುಗಳನ್ನು ಹೊರಗೆಳೆದುಕೊಳ್ಳಿ.